ಘಾಟ್ಕೋಪರಿನ ಫ್ಲ್ಯಾಟು ಯಾರದು

ನನ್ನ ಗಂಡ ಉಯಿಲು ಬರೆಯದೆ ತೀರಿಕೊಂಡರು. ವಯಸ್ಸು ಇನ್ನೂ ನಲವತ್ತು. ಉಯಿಲು ಎಂದರೆ ಮುದುಕರ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು. ಘಾಟ್ಕೋಪರಿನ ಫ್ಲ್ಯಾಟು ಅವರ ಹೆಸರಿನಲ್ಲಿತ್ತು. ಅದರಲ್ಲಿ ಉಳಿದವರು ನಾನು ಮತ್ತು ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆ.

ದಿನಕರ್ಮ ಮುಗಿದ ಮೇಲೆ ಅತ್ತೆ ಬದಲಾದರು. ಜೋಗೇಶ್ವರಿಯಿಂದ ನನ್ನ ಅಣ್ಣ ಬಂದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದರು. ನನಗೆ ಹೇಳದೆ ಸೊಸೈಟಿ ಆಫೀಸಿಗೆ ಹೋಗಿ ಬಂದದ್ದು ವಾಚ್‌ಮನ್ ಬಾಯಿಂದ ತಿಳಿಯಿತು. ಮನೆಯನ್ನು ವಿಜಯಪುರದಲ್ಲಿರುವ ತಮ್ಮ ಮಗಳಿಗೆ ಮಾಡಿಕೊಡುವ ಹುನ್ನಾರವಿದು ಎಂದುಕೊಂಡು ನಾನು ಮನೆಯ ಕಾಗದಪತ್ರವಿದ್ದ ಬೀರುವಿನ ಬೀಗ ಬದಲಿಸಿದೆ.

ಹೊಸ ಬೀಗ ಕಂಡ ದಿನ ಅತ್ತೆ ಊಟದ ತಟ್ಟೆ ಸರಿಸಿ ಕೇಳಿದರು: "ಮನಿ ಯಾವಾಗ ಮಾರ್ತಿ? ಮೊದ್ಲ ಹೇಳಿಬಿಡು."

"ಮಾರ್ತೀನಂತ ಯಾರು ಹೇಳಿದ್ರು ಅತ್ತಿ?"

"ನಿಮ್ಮಣ್ಣ ಬಂದಾಗೆಲ್ಲಾ ಗುಸುಗುಸು ಮಾತಾಡ್ತೀರಿ. ಅದಕ್ಕ ಆಫೀಸಿನಾಗ ಕೇಳಿ ಬಂದೆ, ನನ್ನ ಹೊರಗ ಹಾಕಬಹುದೇನಂತ."

ಮಗನ ಹೆಸರು ಕೇಳಿದರೆ ಅತ್ತಾರು ಎಂದು ನಾವು ದನಿ ತಗ್ಗಿಸುತ್ತಿದ್ದೆವು, ಅಷ್ಟೆ.

ಮರುವಾರ ಸಯನ್‌ನಲ್ಲಿ ಒಬ್ಬ ವಕೀಲರನ್ನು ಕಂಡೆವು. ಮನೆಯಲ್ಲಿ ಇಬ್ಬರಿಗೂ ಪಾಲಿದೆ ಎಂದರು. ಯಾರು ಮೊದಲು ಹೋದರೂ ಇನ್ನೊಬ್ಬರನ್ನು ಯಾರೂ ಎಬ್ಬಿಸಬಾರದೆಂದು ಅಲ್ಲೇ ಇಬ್ಬರೂ ಉಯಿಲು ಬರೆಸಿದೆವು. ಗಂಡ ಎರಡು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಅವರಿಗಾಗಿ ಜೊತೆಗೆ ಕೂತು ಅಳಬೇಕಿದ್ದ ದಿನಗಳನ್ನು ನಾವು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕಳೆದೆವು.