ಅವ್ವನ ಮಾತಿಗೆ ನಾನು ಹೇಳಿದ ಅರ್ಥ

ಮೊನ್ನೆ ಶುಕ್ರವಾರ ಮನಗೂಳಿಯಿಂದ ನಮ್ಮ ಕಾಕು ಬಂದು, ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಲೋಬಾನದ ಪುಡಿಕೆ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ತಲೆ ಕೆಟ್ಟುಹೋಯಿತು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ತರಕಾರಿಯವಳು ನನ್ನ ಮುಖ ನೋಡಿಯೇ ಒಂದು ಸೂಡು ಕೊತ್ತಂಬರಿ ಹೆಚ್ಚಿಗೆ ಹಾಕುತ್ತಾಳೆ. ಆದರೆ ಇದು ಆ ತರದ ಸಿಟ್ಟಲ್ಲ. ಇದಕ್ಕೆ ನಲವತ್ತು ವರ್ಷ ವಯಸ್ಸಾಗಿದೆ.

ಕಾಕು ಅಂದರೆ ಅಪ್ಪನ ತಮ್ಮನ ಹೆಂಡತಿ. ಜೊತೆಗೆ ಅವಳ ಕಿರಿಯ ಸೊಸೆ ಇದ್ದಳು, ಹಸಿ ಬಾಣಂತಿ. ಕೂಸನ್ನು ಎದೆಗೆ ಅವುಚಿಕೊಂಡು ಏನೇನೋ ಗೊಣಗುತ್ತಿದ್ದಳು. ಕಣ್ಣು ಕೆಂಡದಂತಾಗಿದ್ದವು.

"ಐದ ದಿನಾ ಆತು, ಕಣ್ಣ ಮುಚ್ಚಿಲ್ಲ. ನಿಮ್ಮವ್ವನ ಮ್ಯಾಲ ಬರತಿದ್ದ ತಾಯಿನ ಈಕಿ ಮ್ಯಾಲ ಬಂದಾಳ. ಅಕ್ಕಾರ್ನ ಒಂದ ಮಾತ ಕೇಳ್ಕೊಂಡ ಹೋಗೂಣಂತ ಬಂದ್ವಿ," ಅಂದಳು ಕಾಕು. ಅಕ್ಕಾರು ಅಂದರೆ ಈಗ ನನ್ನ ಜೊತೆಗಿರುವ ನಮ್ಮ ಅವ್ವ.

ಮನಗೂಳಿಯಿಂದ ವಿಜಯಪುರದ ದವಾಖಾನೆ ಕೂಗಳತೆ ಅನ್ನುವಷ್ಟು ಹತ್ತಿರ. ಅದನ್ನು ಬಿಟ್ಟು, ಉಲ್ಟಾ ದಿಕ್ಕಿನ ಬಸ್ ಹತ್ತಿ, ಆ ಹುಡುಗಿಯನ್ನು ಕುಲುಕಾಡಿಸಿಕೊಂಡು ನಮ್ಮ ಮನೆಗೆ ಬಂದಿದ್ದಾರೆ ನೋಡಿ! ಇಂಥವರಿಗೆ ಏನನ್ನಬೇಕು?

ನಿಮಗೆ ಮೊದಲಿನಿಂದ ಹೇಳುತ್ತೇನೆ. ನಾವು ಆಗ ಮನಗೂಳಿಯಲ್ಲಿದ್ದೆವು. ಅಪ್ಪನದು ಬಟ್ಟೆ ಅಂಗಡಿ. ಅವ್ವನಿಗೆ ಒಮ್ಮೊಮ್ಮೆ ನಾಲ್ಕೈದು ದಿನ ನಿದ್ದೆಯೇ ಬರುತ್ತಿರಲಿಲ್ಲ. ಒಂದೇ ಸವನೆ ಮಾತು. ಆಮೇಲೆ ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಇದಕ್ಕೊಂದು ಹೆಸರಿಟ್ಟಳು. ಮಾತಾಡಿದರೆ ದೇವಿ ಬಂದಿದ್ದಾಳೆ, ಮಲಗಿದರೆ ದೇವಿ ಹೋಗಿದ್ದಾಳೆ. ಹುಚ್ಚಿ ಅಂದರೆ ಮನೆತನದ ಮರ್ಯಾದೆ ಹೋಗುತ್ತದೆ, ದೇವಿ ಅಂದರೆ ಊರ ಹೆಂಗಸರು ಉಡಿ ತುಂಬಲು ಬರುತ್ತಾರೆ. ಬಂದರು ಕೂಡ. ಮಂಗಳವಾರ, ಶುಕ್ರವಾರ ಅವ್ವನ ಹಣೆ ತುಂಬ ಅರಿಶಿನದ ಭಂಡಾರ ಬಡಿದು ಮಣೆಯ ಮೇಲೆ ಕೂರಿಸುತ್ತಿದ್ದರು. ಲೋಬಾನದ ಹೊಗೆಯಲ್ಲಿ ಅವಳಿಗೆ ಕೆಮ್ಮು ಬಂದರೆ ಅದಕ್ಕೂ ಕೈಮುಗಿಯುತ್ತಿದ್ದರು.

ಅವ್ವನ ಮಾತಿನ ಓಟ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ರೂಢಿಯಿತ್ತು. ಒಂದು ದಿನ ಅವಳು ತನ್ನ ತವರು ತಂಗಡಗಿಯ ಹೊಳೆ, ಬಟ್ಟೆ ಒಗೆಯುವ ಕಲ್ಲು, ಅದನ್ನೇ ಹೇಳುತ್ತಿದ್ದಳು. ಒಬ್ಬಾಕೆ, ಗಂಡನ ಮನೆಯವರು ಕಳಿಸದ ತನ್ನ ಮಗಳು ಯಾವಾಗ ಬರುತ್ತಾಳೆಂದು ಕೇಳಿದಳು. "ತಾಯಿ ಏನಂತಾಳ? ನೀ ಹೇಳ," ಅಂತ ಆಯಿ ನನ್ನನ್ನು ತಿವಿದಳು. "ಹೊಳಿ ದಾಟಿ ಬರ್ತಾಳಂತ," ಅಂದೆ. ಎಂಟು ದಿನಕ್ಕೆ ಮಗಳು ಬಂದೇಬಿಟ್ಟಳು. ಮುಗಿಯಿತಲ್ಲ! ಒಂಬತ್ತು ವರ್ಷಕ್ಕೆ ನಾನು ದೇವಿಯ ಪೂಜಾರಿಯಾದೆ.

ಸುಳ್ಳೇಕೆ ಹೇಳಲಿ, ನನಗೆ ಹಿಗ್ಗಾಗಿತ್ತು. ದೇವಿಗೆ ಪೇಢೆ ಬೇಕಂತೆ ಎಂದೆ; ಪೇಢೆ ಬಂತು. ಗಣಿತದ ಪರೀಕ್ಷೆಯ ದಿನ ನಾನು ಮಣೆಯ ಹತ್ತಿರವೇ ಇರಬೇಕಂತೆ ಎಂದೆ; ಸಾಲಿ ತಪ್ಪಿತು. ಇಂಥ ದಡ್ಡ ಬೇಡಿಕೆ ಯಾವ ದೇವಿಯದು ಅಂತ ಅಷ್ಟು ಜನರಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಆಮೇಲೆ ಆ ಮಂಗಳವಾರ. ಪಡಸಾಲೆ ತುಂಬ ಹೆಂಗಸರು, ಕಾಕುವೂ ಇದ್ದಳು. ಮಾತಾಡುತ್ತಿದ್ದ ಅವ್ವ ತಟ್ಟನೆ ನಿಲ್ಲಿಸಿದಳು. ನನ್ನ ಕೈ ಹಿಡಿದುಕೊಂಡು, ಆಯಿಯ ಮುಖ ನೋಡಿ, ನಿಧಾನವಾಗಿ ಹೇಳಿದಳು: "ಅತ್ತಿ, ನನಗ ನಿದ್ದಿ ಬರವಲ್ದು. ತಡಕೊಳ್ಳಾಕ ಆಗವಲ್ದು. ದವಾಖಾನಿಗೆ ಕರ್ಕೊಂಡ ಹೋಗ್ರಿ."

ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಂಡು, ಎಲ್ಲರೂ ನನ್ನ ಕಡೆ ತಿರುಗಿದರು.

"ಇದರ ಅರ್ಥ ಏನವಾ?"

ಆಯಿ ನನ್ನನ್ನೇ ದಿಟ್ಟಿಸುತ್ತಿದ್ದಳು. ದಿನಾ ಹೆರಳು ಹಾಕುವಾಗ "ಹುಚ್ಚಿ ಮಗಳಂದ್ರ ನಿನ್ನ ಯಾರ ಮಾಡ್ಕೋತಾರ?" ಅನ್ನುತ್ತಿದ್ದಳಲ್ಲ, ಅದು ನೆನಪಾಯಿತು. "ಈ ಮನಿ ಬಿಟ್ಟ ತಾಯಿ ಎಲ್ಲಿಗೂ ಹೋಗಂಗಿಲ್ಲಂತ," ಅಂದೆ. ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೋದ. ಅವ್ವ ನನ್ನ ಕೈ ಬಿಟ್ಟಳು.

ಹನ್ನೊಂದು ವರ್ಷ! ನನಗೆ ಸಾಲಿ ಮಾಸ್ತರಿಕೆ ಸಿಕ್ಕು, ನಾನೇ ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗುವ ತನಕ ಹನ್ನೊಂದು ವರ್ಷ ಅವಳು ಆ ಮಣೆಯ ಮೇಲೆ ಬೆಂದಳು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದ ಮೂರನೇ ವಾರಕ್ಕೆ ಗೊರಕೆ ಹೊಡೆದು ಮಲಗಿದಳು. ನಾನು ಪಕ್ಕದಲ್ಲಿ ಕೂತು ಹಲ್ಲು ಕಚ್ಚಿಕೊಂಡು ಅತ್ತೆ. ಆಯಿ ಈಗಿಲ್ಲ, ಅಪ್ಪನೂ ಇಲ್ಲ. ಜಗಳ ತೆಗೆಯೋಣವೆಂದರೆ ನನಗೆ ನಾನೇ ಉಳಿದಿದ್ದೆ. ತೆಗೆದೆ, ದಿನಾ ತೆಗೆದೆ.

ಹಾಗಾಗಿ ಮೊನ್ನೆ ಕಾಕುವಿನ ಕೈಯಿಂದ ಪುಡಿಕೆ ಕಸಿದು ಅಂಗಳಕ್ಕೆ ಬಿಸಾಡಿದೆ. "ಕಾಕು, ಆಗ ಯಾವ ತಾಯಿನೂ ಬಂದಿದ್ದಿಲ್ಲ. ಹೇಳಿದ್ದೆಲ್ಲಾ ನಾನು. ಎಲ್ಲಾ ಸುಳ್ಳು."

"ಹಂಗ ಅನಬ್ಯಾಡವಾ! ನನಗ ಮೊದಲ್ನೇ ಕೂಸು ಗಂಡು ಅಂತ ಹೇಳಿದಾಕಿ ತಾಯಿನ."

"ನಾ ಹೇಳಿದ್ದು. ಪೇಢೆ ಆಸೇಕ್ಕ."

ಅಷ್ಟರಲ್ಲಿ ಒಳಗೆ ಮೆಂತೆ ಸೊಪ್ಪು ಸೋಸುತ್ತಿದ್ದ ಅವ್ವ ಎದ್ದು ಬಂದಳು. ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ಸೊಸೆಯ ಎದುರು ಕೂತು, ಕೂಸನ್ನು ತಾನು ತೆಗೆದುಕೊಂಡು, "ನಿನಗ ಏನ ಬೇಕ ತಂಗಿ?" ಅಂತ ಕೇಳಿದಳು.

"ನಿದ್ದಿ ಬೇಕ್ರಿ," ಅಂದಳು ಆ ಹುಡುಗಿ, ಅಳುತ್ತ.

"ನಡೀರಿ, ದವಾಖಾನಿಗೆ ಹೋಗೂಣು," ಅಂದಳು ಅವ್ವ. ಕಾಕು ಚೀಲ ಎತ್ತಿಕೊಂಡಳು. ಅರ್ಧ ಗಂಟೆಯಲ್ಲಿ ಬಾಡಿಗೆ ಕಾರು ಬಂತು.

ಬಸವನ ಬಾಗೇವಾಡಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮುಂದಿನ ಸೀಟಿನಲ್ಲಿ ಕಾಕು ಇದ್ದಾಳೆಂಬುದನ್ನೂ ಮರೆತು ಹೇಳಿಬಿಟ್ಟೆ: "ಅವ್ವಾ, ಆವತ್ತ ನೀ ದವಾಖಾನಿ ಅಂದಿದ್ದು ನನಗ ತಿಳಿದಿತ್ತು. ತಿಳಿದೂ ಸುಳ್ಳ ಹೇಳಿದೆ."

ಅವ್ವ ಕೂಸಿನ ಕುಂಚಿಗೆ ಸರಿಮಾಡಿದಳು. "ನನಗೂ ನೆನಪೈತಿ. ನೀ ಒಂಬತ್ತ ವರ್ಷದ ಹುಡುಗಿ." ಆಮೇಲೆ, ಮುಂದಿನ ಸೀಟಿಗೆ ಕೇಳುವಷ್ಟು ಗಟ್ಟಿಯಾಗಿ, "ಉಳಿದವರೆಲ್ಲಾ ದೊಡ್ಡವರ ಇದ್ರಲ್ಲ, ಅವರಿಗೆ ಕನ್ನಡ ಬರತಿದ್ದಿಲ್ಲೇನು?" ಅಂದಳು.

ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನನ್ನ ಸಿಟ್ಟು ಇವತ್ತಿಗೂ ಹಾಗೇ ಇದೆ. ನನ್ನ ಮೇಲಲ್ಲ, ಅಷ್ಟೆ.