ಸೊಕ್ಕೆಯ ಉಚ್ಚಂಗಮ್ಮ ಮತ್ತು ವಿಡಿಯೋ ವೈದ್ಯ

ಸೊಕ್ಕೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಉಚ್ಚಂಗಮ್ಮನಿಗೆ ಊರಿನಲ್ಲಿ ಒಳ್ಳೆಯ ಹೆಸರೇನೂ ಇಲ್ಲ. ಎಣ್ಣೆ ಪ್ಯಾಕೆಟ್ಟಿನ ತಾರೀಕು ನೋಡದೆ ಒಲೆ ಹಚ್ಚುವವಳಲ್ಲ. ಹುಳ ಬಿದ್ದ ಬೇಳೆ ಬಂದ ದಿನ ಮೂಟೆಯನ್ನು ಆಟೋದಿಂದ ಇಳಿಸಲೂ ಬಿಡದೆ ವಾಪಸು ಅಟ್ಟಿದ್ದಳು. ಜಗಳಗಂಟಿ ಎಂದವರಿಗೆ "ಹೌದು, ಏನೀಗ?" ಅನ್ನುತ್ತಿದ್ದಳು.

ಅವಳ ಗಂಡ ಮೈಲಾರಿಗೆ ಮೂರ್ಛೆರೋಗ. ದಿನಕ್ಕೆರಡು ಗುಳಿಗೆ ನುಂಗುತ್ತ ಆರು ವರ್ಷ ಒಮ್ಮೆಯೂ ಬಿದ್ದಿರಲಿಲ್ಲ. ಹೋದ ಬೇಸಿಗೆಯಲ್ಲಿ ಒಗೆಯಲು ತೆಗೆದ ಅವನ ಅಂಗಿಯ ಜೇಬಿನಲ್ಲಿ ಒಂದೂ ಗುಳಿಗೆ ಬಿಚ್ಚದ ಪಟ್ಟಿ ಸಿಕ್ಕಿತು.

"ಇದ್ಯಾಕ್ರೀ ಹಂಗೇ ಐತೆ?"

"ಬಿಟ್ಟು ನಾಕು ದಿನ ಆತು. ಕೊಟ್ರೇಶ ವಿಡಿಯೋ ತೋರ್ಸಿದ. ಈ ಗುಳಿಗೆ ಮೆದುಳು ತಿಂತೈತಂತೆ. ಬೇರಿನ ಪುಡಿ ತರಿಸಿಕೊಟ್ಟಾನೆ."

ಕೊಟ್ರೇಶ್ ಮೈಲಾರಿಯ ತಮ್ಮ. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ. ಊರಿನ ವಾಟ್ಸಾಪ್ ಗ್ರೂಪೂ ಅವನದೇ. ಉಚ್ಚಂಗಮ್ಮ ಆ ವಿಡಿಯೋವನ್ನು ಮೂರು ಸಲ ನೋಡಿದಳು. ಬಿಳಿ ಕೋಟಿನವನು ಯಾವ ಆಸ್ಪತ್ರೆಯವನೆಂದು ಎಲ್ಲಿಯೂ ಹೇಳಲಿಲ್ಲ. ಕೊನೆಗೆ ಪುಡಿ ತರಿಸಿಕೊಳ್ಳಲು ಒಂದು ನಂಬರ್ ಮಾತ್ರ ಇತ್ತು. ಅದಕ್ಕೇ ಫೋನು ಹಚ್ಚಿದಳು.

"ಮೂರ್ಛೆ ಇರೋರು ಗುಳಿಗೆ ಒಮ್ಮೆಲೇ ಬಿಟ್ರೆ ಏನಾಗ್ತೈತ್ರೀ? ನೀವು ಎಲ್ಲಿ ಓದಿದ ಡಾಕ್ಟ್ರು?"

ಆ ಕಡೆಯವನು ಫೋನಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮೊಬೈಲಿನಲ್ಲಿ ಹುಡುಕುತ್ತ ಹೋದಾಗ ಅದೇ ಬಿಳಿ ಕೋಟಿನವನು ಇನ್ನೊಂದು ವಿಡಿಯೋದಲ್ಲಿ ಬೇರೆ ಹೆಸರಿನಲ್ಲಿ ಬೋಳುತಲೆಗೆ ಎಣ್ಣೆ ಮಾರುತ್ತಿದ್ದ. ನೇರ ಕೊಟ್ರೇಶನ ಅಂಗಡಿಗೆ ಹೋಗಿ ಎರಡೂ ವಿಡಿಯೋ ಮುಂದಿಟ್ಟಳು.

"ನೋಡು, ನಿನ್ನ ಡಾಕ್ಟ್ರು!"

"ಸೌಟು ಹಿಡಿಯೋರಿಗೆ ಇದೆಲ್ಲ ಯಾಕೆ ಬೇಕು ಅತ್ತಿಗೆ?" ಎಂದ ಕೊಟ್ರೇಶ್. ಅಂಗಡಿಯಲ್ಲಿದ್ದವರು ನಕ್ಕರು.

ಅಂದೇ ಗಂಡನನ್ನು ಜಗಳೂರಿನ ಆಸ್ಪತ್ರೆಗೆ ಕರೆದಳು. ಅವನು ಜಗಲಿ ಬಿಟ್ಟು ಏಳಲಿಲ್ಲ. "ನನ್ನ ತಮ್ಮನ ಮಾನ ಕಳದೆ," ಎಂದು ತಟ್ಟೆ ಎಸೆದ.

ಗುಳಿಗೆ ಬಿಟ್ಟ ಎಂಟನೆಯ ದಿನ ಮೈಲಾರಿ ಸಿಮೆಂಟು ತೊಟ್ಟಿಯ ಬಳಿ ಸೆಟೆದು ಬಿದ್ದ. ಹಣೆ ಒಡೆದು ಭುಜದ ಮೂಳೆ ಮುರಿಯಿತು. ಜಗಳೂರಿನ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, "ಗುಳಿಗೆ ತಟ್ಟನೆ ನಿಲ್ಲಿಸಿದ್ದಕ್ಕೇ ಹಿಂಗಾಗಿದ್ದು. ಇನ್ನೊಂದು ಸಲ ಆದ್ರೆ ಜೀವಕ್ಕೇ ಅಪಾಯ," ಎಂದರು.

ಕೊಟ್ರೇಶ್ ವಾರ್ಡಿಗೆ ಬಂದವನು ತಲೆ ತಗ್ಗಿಸಲಿಲ್ಲ. "ಹಳೇ ವಿಷ ಹೊರಗೆ ಬರುವಾಗ ಒಂದ್ಸಲ ಹಿಂಗಾಗ್ತೈತೆ ಅಂತ ವಿಡಿಯೋದಾಗೇ ಹೇಳ್ಯಾರೆ."

ಉಚ್ಚಂಗಮ್ಮ ಅವನ ಕೊರಳಪಟ್ಟಿ ಹಿಡಿದು ಬಾಗಿಲಾಚೆ ನೂಕಿದಳು. ನರ್ಸು ಬಂದು ಬಿಡಿಸಬೇಕಾಯಿತು.

ಮರುದಿನ ಗ್ರೂಪಿನಲ್ಲಿ ಆ ಎರಡೂ ವಿಡಿಯೋ ಹಾಕಿ, ಗಂಡನ ಹೊಲಿಗೆ ಹಾಕಿದ ಹಣೆಯ ಫೋಟೋ ಹಾಕಿದಳು. ಕೊಟ್ರೇಶ್ ಅವಳನ್ನು ಗ್ರೂಪಿನಿಂದ ತೆಗೆದ. ಅಷ್ಟರಲ್ಲಿ ನೋಡುವವರು ನೋಡಿದ್ದರು. ಪುಡಿ ತರಿಸಿಕೊಂಡಿದ್ದ ಇನ್ನಿಬ್ಬರು ಡಬ್ಬಿಗಳನ್ನು ತಂದು ಅವನ ಅಂಗಡಿಯ ಮುಂದೆ ಒಗೆದು ಹೋದರು.

ಅಣ್ಣನ ಮನೆಗೆ ಕೊಟ್ರೇಶ್ ಈಗ ಬರುವುದಿಲ್ಲ. ಮೈಲಾರಿ ಅದನ್ನೇ ಹಿಡಿದು ಹಗೆ ಸಾಧಿಸುತ್ತಾನೆ.

"ನಿನ್ನಿಂದ ಒಡಹುಟ್ಟಿದೋನು ದೂರ ಆದ."

"ಆಗ್ಲಿ. ಬಾಯಿ ತೆಗೀರಿ, ಗುಳಿಗೆ ನುಂಗ್ರಿ," ಎಂದು ನೀರಿನ ಲೋಟ ಹಿಡಿದು, ಅವನು ನುಂಗುವವರೆಗೂ ಅವಳು ಎದುರಿಗೇ ನಿಲ್ಲುತ್ತಾಳೆ.