ಹಲಗಿ ಮ್ಯಾಲಿನ ನೂರು ಕಾಳು

"ಯಜಮಾನ್ರು ಇಲ್ಲೇನ್ರಿ?"

ರಾಣೆಬೆನ್ನೂರಿನ ನಮ್ಮ ಬೀಜದ ಅಂಗಡ್ಯಾಗ ನಾ ಕುಂತ ಮೊದಲನೇ ವರ್ಷ ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದವು. ಕಣ್ಣೆದುರಿಗೆ ಇಷ್ಟು ದೊಡ್ಡ ಹೆಣ್ಮಗಳು ಕುಂತಾಳ, ಯಾವ ಬೀಜ ಯಾವ ರ್‍ಯಾಕಿನ್ಯಾಗ ಐತಿ ಅಂತ ಕಣ್ಣು ಮುಚ್ಚಿ ಹೇಳ್ತಾಳ, ಆದ್ರೂ ಬಂದಾವ್ರು ನನ್ನ ಹೆಗಲ ಮ್ಯಾಲಿಂದ ಒಳಗ ಹಣಿಕಿ ಹಾಕಿ ನಮ್ಮ ಮಾವನ್ನ ಹುಡುಕತಿದ್ರು. ಮಾವಗ ಮೊಣಕಾಲು ನೋವು, ಒಂದು ತಾಸು ಕುಂತ್ರ ಏಳಾಕ ಬರ್ತಿದ್ದಿಲ್ಲ. ಮನಿಯವ್ರು ಹಾವೇರ್‍ಯಾಗ ಸಾಲಿ ಮಾಸ್ತರು. ಬ್ಯಾರೆ ಯಾರೂ ಇಲ್ಲ ಅಂತ ಈಕೀನ ಕುಂಡ್ರಿಸ್ಯಾರ ಅಂತ ಮಂದಿ ತಿಳಕೊಂಡಿದ್ರು. ಅಲ್ಲ. ಅಂಗಡಿ ನನಗ ಬೇಕಾಗಿತ್ತು. ಆವಾಗ ಯಾರೂ ಕೇಳಲಿಲ್ಲ, ಈಗ ಹೇಳಾಕತ್ತೇನಿ.

ನನ್ನ ತವರುಮನಿ ಕದರಮಂಡಲಗಿ. ಅಲ್ಲಿ ಬಿತ್ತಿಗಿಗೆ ಮುಂಚೆ ನಮ್ಮವ್ವ ನೂರು ಕಾಳು ಎಣಿಸಿ, ಒದ್ದಿ ಗೋಣಿತಟ್ಟಿನ್ಯಾಗ ಸುತ್ತಿ, ನೀರಿನ ಹಂಡೇದ ಮಗ್ಗಲಕ್ಕ ಇಡತಿದ್ಲು. ಐದನೇ ದಿನ ಬಿಚ್ಚಿ ಎಷ್ಟು ಮೊಳತಾವ ಅಂತ ಹೇಳತಿದ್ಲು. ಆಕಿ ಹೇಳೂತನಕ ಅಪ್ಪ ಬಿತ್ತೂ ಕೂರಿಗಿ ಮುಟ್ಟತಿದ್ದಿಲ್ಲ. ಆ ಪದ್ಧತಿನ ನಾ ಅಂಗಡಿಗೆ ತಂದೆ. ಯಾವ ಕಂಪನೀದ ಹೊಸ ಲಾಟ್ ಬರಲಿ, ಒಂದು ಪಾಕೀಟು ಒಡದು ನೂರು ಕಾಳು ಸುತ್ತಿ ಇಡೂದು. ದಿನಾ ಮುಂಜಾನೆ ಬಾಗ್ಲ ತಗದ ಕೂಡ್ಲೆ ನೀರು ಚಿಮುಕಿಸೂದು. ಐದನೇ ದಿನ ಬಿಚ್ಚಿ ಅಂಗಡಿ ಮುಂದಿನ ಹಲಗಿ ಮ್ಯಾಲೆ ಹಾಸಿ, ಬಳಪದ್ಲೆ ಬರಿಯೂದು. ತೊಂಬತ್ತೆರಡು ಮೊಳತಿದ್ರ ತೊಂಬತ್ತೆರಡು, ಎಂಬತ್ತಿದ್ರ ಎಂಬತ್ತು.

ಯವ್ವಾ, ಆಗ ಮಂದಿ ನಕ್ಕಿದ್ದೇನ್ ಕೇಳ್ತೀರಿ! ಎದುರಿನ ಅಂಗಡಿಯಾತ ಚಾ ಕುಡಕೋತ ಕೇಳ್ತಿದ್ದ, "ಏನ್ರಿ ಅಕ್ಕಾರ, ಇವತ್ತು ಉಸುಳಿ ಏನು?"

"ಔಷಧ ಹಚ್ಚಿದ ಕಾಳ್ರೀ ಅಣ್ಣಾರ, ಕೋಳಿಗೂ ಹಾಕಂಗಿಲ್ಲ. ನಿಮಗ ಬೇಕಾದ್ರ ಒಂದು ಬಟ್ಟಲ ಕಳಸ್ತೇನಿ," ಅಂತಿದ್ದೆ.

ಮಾವ ಬೈಲಿಲ್ಲ, ನಗಲೂ ಇಲ್ಲ. "ಒಂದೊಂದು ಲಾಟಿಗೆ ಒಂದೊಂದು ಪಾಕೀಟು ಹಾಳು," ಅಂತ ಗೊಣಗತಿದ್ರು ಅಷ್ಟ. ಹನಿ ಹನಿ ಕೂಡಿದ್ರ ಹಳ್ಳ ಅಂತ ಗಾದಿ ಹೇಳ್ತಾರ. ಹಳ್ಳ ಆಗೂತನಕ ದಂಡಿ ಮ್ಯಾಲೆ ನಿಂತು ನಗಾವ್ರನ್ನ ತಡಕೊಳ್ಳೂದು ಹ್ಯಾಂಗ ಅಂತ ಯಾವ ಗಾದ್ಯಾಗೂ ಹೇಳಿಲ್ಲ ನೋಡ್ರಿ.

ಒಂದು ವರ್ಷ ಆತು, ಎರಡು ಆತು. ಹಲಗಿ ಯಾರೂ ನೋಡವಲ್ರು ಅಂತ ನನಗ ಖಾತ್ರಿ ಆಗಿತ್ತು. ಮೇಡ್ಲೇರಿಯ ಹಿರೇರೊಬ್ರು ಬರ್ತಿದ್ರು, ನೀರಾವರಿ ಹೊಲದ ದೊಡ್ಡ ಒಕ್ಕಲುತನದವ್ರು. ಹಲಗಿ ಪಕ್ಕದಾಗ ಚಪ್ಪಲಿ ಬಿಟ್ಟು ಒಳಗ ಬರೂದು, "ಯಜಮಾನ್ರನ್ನ ಕರೀವ್ವ" ಅನ್ನೂದು, ಮಾವನ ಕೂಡ ಮಳಿ ಬೆಳಿ ಮಾತಾಡಿ ಬೀಜ ಒಯ್ಯೂದು. ನನ್ನ ಮುಖ ನೋಡಿದ್ದಿಲ್ಲ ಆ ಮನಿಷ್ಯಾ. ನನಗೂ ಹಟ. ಅವ್ರು ನೋಡಲಿ ಬಿಡಲಿ, ನೀರು ಚಿಮುಕಿಸೂದು ಬಿಡಲಿಲ್ಲ.

ಮೂರನೇ ವರ್ಷ ಮುಂಗಾರಿಗೆ ಒಂದು ಕಂಪನೀದ ಗೋವಿನಜೋಳದ ಬೀಜ ಬಂತು. ಇಡೀ ತಾಲೂಕಿನ್ಯಾಗ ಅದಕ್ಕ ಬೇಡಿಕಿ, ಆ ವರ್ಷದ ನಮ್ಮ ಅರ್ಧ ಯಾಪಾರ ಅದರ ಮ್ಯಾಲೆ ನಿಂತಿತ್ತು. ಐದನೇ ದಿನ ಗೋಣಿತಟ್ಟು ಬಿಚ್ಚಿದ್ರ ಮೊಳತದ್ದು ಅರವತ್ತೊಂದ! ನನ್ನ ಕೈಯಾಗಿನ ತಪ್ಪೇನೋ ಅಂತ ಎರಡನೇ ಪಾಕೀಟು ಒಡದು ಹಾಕಿದೆ. ಮತ್ತ ಐದನೇ ದಿನ ಐವತ್ತೆಂಟು. ಮೊದಲಿನ ಅರವತ್ತೊಂದನ್ನ ಹಲಗಿ ಮ್ಯಾಲೆ ಬರದೆ.

ಯಾರೋ ಸುದ್ದಿ ಮುಟ್ಟಿಸಿದ್ರು, ಮರುದಿನ ಹಾವೇರಿಯಿಂದ ಕಂಪನಿ ಸಾಹೇಬ ಬಂದ. ರಾತ್ರಿ ಹದವಾದ ಮಳಿ ಬಿದ್ದಿತ್ತು, ಅಂಗಡಿ ಮುಂದ ಆಗ್ಲೇ ಮಂದಿ ಕೂಡಾಕತ್ತಿದ್ರು.

"ಅಕ್ಕಾರ, ಗೋಣಿತಟ್ಟು ಅಡಿಗಿಮನಿ ಲೆಕ್ಕ. ನಮ್ಮದು ಲ್ಯಾಬಿನ ಲೆಕ್ಕ. ಆ ಹಲಗಿ ಒಳಗ ಇಡ್ರಿ. ಇಲ್ಲಾಂದ್ರ ಏಜೆನ್ಸಿ ಎದುರಿನ ಅಂಗಡಿಗೆ ಹೋಗ್ತೈತಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ," ಅಂದ.

ನಾ ಮಾವನ ಮುಖ ನೋಡಿದೆ. ಅವ್ರು ನೆಲ ನೋಡಿದ್ರು.

ಹಲಗಿ ಎತ್ತಿ ಒಳಗ ಇಟ್ಟೆ. ಹೌದು, ಇಟ್ಟೆ. ಮುಚ್ಚಿಡೂದಿಲ್ಲ. ಅಷ್ಟು ಹಟದಾಕಿ, ಅಷ್ಟು ಬಾಯಿಯಾಕಿ, ಒಂದು ಏಜೆನ್ಸಿ ಮಾತಿಗೆ ತಣ್ಣಗಾದೆ.

ಚೀಲ ಮ್ಯಾಲೆ ಚೀಲ ಹೋದವು. ಮಧ್ಯಾಹ್ನದಾಗ ಮೇಡ್ಲೇರಿ ಹಿರೇರು ಬಂದ್ರು. ಎಂದಿನಂಗ ಮಾವನ ಕೂಡ ಮಾತಾಡಿ ಮೂರು ಚೀಲ ಎತ್ತಿಸಿದ್ರು. ಚಪ್ಪಲಿ ಮೆಟ್ಟುವಾಗ ಹಲಗಿ ಇರೋ ಜಾಗ ನೋಡಿ ಹೊಳ್ಳಿ ನಿಂತ್ರು. ಮೊದಲನೇ ಸಲ ನನ್ನ ಮುಖ ನೋಡಿ ಕೇಳಿದ್ರು, "ಈ ಸಲ ಕಾಳು ಹಾಕಿಲ್ಲೇನವ್ವ?"

"ಮಳಿ ಬಂತಲ್ರಿ, ಪುರಸೊತ್ತ ಆಗಲಿಲ್ಲ," ಅಂದೆ.

"ಹೂಂ," ಅಂದು ಹೋದ್ರು.

ಊಟದ ಡಬ್ಬಿ ತಗದೆ, ಹಂಗ ಮುಚ್ಚಿದೆ. ಎದ್ದೆ. ಹಲಗಿ ಹೊರಗ ತಂದು ಇಟ್ಟೆ. ಬಿಲ್ಲಿನ್ಯಾಗಿದ್ದ ನಂಬರಿಗೆಲ್ಲ ಫೋನ್ ಮಾಡಿ, ಒಯ್ದ ಬೀಜ ಬಿತ್ತಬ್ಯಾಡ್ರಿ, ಹೊಳ್ಳಿ ತರ್ರಿ ಅಂದೆ. ಬೈಸಿಕೊಂಡೆ. ಮೇಡ್ಲೇರಿ ಹಿರೇರ ಫೋನು ಹತ್ತಲಿಲ್ಲ. "ಮಾವಾರ, ಅಂಗಡಿ ನೋಡ್ರಿ," ಅಂದು ಬಸ್ ಸ್ಟ್ಯಾಂಡಿಗೆ ನಡದೆ. "ಏಜೆನ್ಸಿ?" ಅಂತ ಅವ್ರು ಹಿಂದಿಂದ ಕೇಳಿದ್ರು. "ಹೋಗ್ಲಿ ಬಿಡ್ರಿ ಅತ್ಲಾಗ!" ಅಂದೆ.

ಮೇಡ್ಲೇರ್‍ಯಾಗ ಅವ್ರು ಕಟ್ಟಿ ಮ್ಯಾಲೆ ಕುಂತು ಮರುದಿನದ ಬಿತ್ತಿಗಿಗೆ ಆಳಿಗೆ ಹೇಳಾಕತ್ತಿದ್ರು. ನಮ್ಮ ಚೀಲ ಬಾಗ್ಲ ಮಗ್ಗಲಕ್ಕ ಇದ್ದವು.

"ಅವನ್ನ ಒಡೀಬ್ಯಾಡ್ರಿ. ನಿಮಗ ಸುಳ್ಳು ಹೇಳೇನಿ. ಕಾಳು ಹಾಕಿದ್ದೆ. ಅರವತ್ತೊಂದು ಬಂದಾವು," ಅಂದೆ. ನಿಂತ ನಿಲುವಿನ್ಯಾಗ ಹೇಳಿದೆ, ಕುಂತ್ರ ಬಾಯಿ ಬರೂದಿಲ್ಲ ಅಂತ ಗೊತ್ತಿತ್ತು.

ಅವ್ರು ಚೀಲದ ಕಡೆ ನೋಡಿದ್ರು. ಆಮ್ಯಾಲೆ ಅಂದ್ರು, "ಮೂರು ವರ್ಷದಿಂದ ನಿಮ್ಮ ಮಾವನ ಕೂಡ ಮಾತಾಡೇನಿ, ಆದ್ರ ಬೀಜ ಒಯ್ದದ್ದು ಹಲಗಿ ನೋಡಿ. ಇವತ್ತೊಂದ ದಿನ ಮಾತು ನಂಬಿ ಒಯ್ದೆ ನೋಡವ್ವ."

ನನಗ ಅಳು ಬಂತು, ಅದರ ಹಿಂದ ಸಿಟ್ಟೂ ಬಂತು. "ಹಂಗಾರ ಮೂರು ವರ್ಷದಾಗ ಒಂದು ಮಾತು ಹೇಳಾಕ ಏನಾಗಿತ್ರಿ ನಿಮಗ? ಯಾರೂ ನೋಡವಲ್ರು ಅಂತ ನಾ ಒಬ್ಬಾಕಿನ ಸಾಯಾಕತ್ತಿದ್ನಲ್ಲ!" ಅಂದೆ.

ಹಿರೇರು ನಕ್ಕುಬಿಟ್ರು. ಒಳಗ ಹೊಳ್ಳಿ, "ನೀರು ತರ್ರಿ, ಬೀಜದ ಅಂಗಡಿ ಯಜಮಾನ್ತಿ ಬಂದಾಳ," ಅಂದ್ರು.

ಏಜೆನ್ಸಿ ಎದುರಿನ ಅಂಗಡಿಗೆ ಹೋತು. ಆ ಮುಂಗಾರು ನಮಗ ಬರೇ ಕೈ. ಮಾವ ಎಂಟು ದಿನ ಮಾತು ಬಿಟ್ರು. ಒಂಬತ್ತನೇ ದಿನ ನಾ ಬರೂದ್ರಾಗ ಅವ್ರೇ ಗೋಣಿತಟ್ಟಿಗೆ ನೀರು ಚಿಮುಕಿಸಿದ್ರು, ಹೆಚ್ಚಾಗಿ ಹರದು ಅಂಗಡಿ ತುಂಬ ಕೆಸರು ಮಾಡಿದ್ರು.

ಮುಂದಿನ ವರ್ಷಗಳಾಗ ಏನಾತು ಅಂತ ದೊಡ್ಡದಾಗಿ ಹೇಳೂದೇನಿಲ್ಲ. ಹಿಂಗಾರಿಗೆ ನಾಕ ಮಂದಿ ಹಲಗಿ ಮುಂದ ಬಗ್ಗಿ ನೋಡಿದ್ರು, ಮುಂದಿನ ಮುಂಗಾರಿಗೆ ನಲವತ್ತು. ಈಗ ಬ್ಯಾಡಗಿ ಕಡೆಯಿಂದ ಫೋನ್ ಮಾಡಿ "ಎಷ್ಟು ಮೊಳತಾವ್ರಿ ಅಕ್ಕಾರ?" ಅಂತ ಮೊದಲು ಕೇಳ್ತಾರ, ಎಷ್ಟು ರೇಟು ಅಂತ ಆಮ್ಯಾಲೆ. ಯಾಪಾರದ ಗುಟ್ಟು ಹೇಳ್ರಿ ಅಂತ ಕೇಳಾವ್ರೂ ಅದಾರ. ಗುಟ್ಟು ಎಲ್ಲೀದ್ರಿ? ದಿನಾ ನೀರು ಚಿಮುಕಿಸ್ರಿ, ಬಂದಷ್ಟ ಬರೀರಿ.

ಹೋದ ತಿಂಗಳು ಅದ ಕಂಪನಿ ಸಾಹೇಬ ಮತ್ತ ಬಂದ. ತಲಿ ಅರ್ಧ ಬೆಳ್ಳಗಾಗೇತಿ. ಕೈಯಾಗ ಹೊಸ ಲಾಟಿನ ಒಂದು ಪಾಕೀಟು.

"ಅಕ್ಕಾರ, ನಿಮ್ಮ ಹಲಗಿ ಮ್ಯಾಲೆ ಇಲ್ಲಾಂದ್ರ ಮಂದಿ ನಮ್ಮ ಬೀಜ ಮುಟ್ಟವಲ್ರು. ಏಜೆನ್ಸಿ ಕಾಗದ ತಂದೇನಿ, ಸಹಿ ಮಾಡ್ರಿ," ಅಂದ.

ನಾ ಪಾಕೀಟು ಇಸಕೊಂಡು ಅವನ ಮುಂದ ಒಡದು, ನೂರು ಕಾಳು ಎಣಿಸಿ, ಗೋಣಿತಟ್ಟಿಗೆ ಸುತ್ತಿದೆ.

"ಕುಂದ್ರಿ, ಚಾ ಕುಡೀರಿ," ಅಂದೆ. "ಕಾಗದ ಹೊಳ್ಳಿ ಒಯ್ರಿ. ಐದನೇ ದಿನ ಬರ್ರಿ."